ಶುಕ್ರವಾರದ ಹಲಗೆ

ನನ್ನ ಕೆಲಸದ ಮೇಜಿನ ಕೆಳಗೆ ಒಂದು ಹಲಗೆ ಇದೆ. ಎರಡೂವರೆ ಅಡಿ ಉದ್ದ, ಒಂದು ಅಡಿ ಅಗಲ. ಅಡಿಭಾಗದಲ್ಲಿ ತೊಟ್ಟಿಲಿನ ಕಾಲಿನ ಹಾಗೆ ಬಾಗಿದ ಎರಡು ಪಟ್ಟಿಗಳು. ಹತ್ತಿ ನಿಂತರೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಮಾರುವವರ ಭಾಷೆಯಲ್ಲಿ ಅದು ಬ್ಯಾಲೆನ್ಸ್ ಬೋರ್ಡ್. ನನ್ನ ಗಂಡನ ಭಾಷೆಯಲ್ಲಿ ಮಣೆ. ಮೊದಲ ಸಲ ನೋಡಿದಾಗ ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮಣಿ ಅಂದ್ರೆ ಕೂಕಂಬುಕಲ್ದಾ ಮಾರಾಯ್ತಿ? ಅದ್ರ್ ಮೇಲ್ ನಿಂತ್ಕಂಬ್ದ್ ಎಂತಕ್ಕೆ?" ಎಂದು ಕೇಳಿದ್ದರು. ನಾನು ಮೀಟಿಂಗಿನಲ್ಲಿದ್ದೆ. ಆಮೇಲೆ ಹೇಳುತ್ತೇನೆ ಅಂತ ಕೈಸನ್ನೆ ಮಾಡಿದೆ. ನಮ್ಮ ಮನೆಯಲ್ಲಿ 'ಆಮೇಲೆ' ಬರುವುದು ಬಹಳ ತಡ.

ನನ್ನದು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ, ಎಲ್ಲಿ ತಪ್ಪಿದೆ ಅಂತ ತಿಳಿಸುವುದು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ ಎಂದು ಗಂಡ ಚುಡಾಯಿಸುತ್ತಾರೆ. ಮೊದಲು ದಿನಾ ಯೆರವಡಾದ ಆಫೀಸಿಗೆ ಹೋಗಿ ಬರುತ್ತಿದ್ದೆ. ಈಗ ಕೆಲವು ವರ್ಷಗಳಿಂದ ಆಫೀಸೇ ಮನೆಯ ಹಾಲಿಗೆ ಬಂದು ಕೂತಿದೆ. ಬಿಬವೇವಾಡಿಯ ಮೂರನೇ ಮಹಡಿಯ ಮನೆ. ಕೆಳಗೆ ಬೆಳಿಗ್ಗೆಯಿಂದಲೇ ತರಕಾರಿ ಗಾಡಿಯವರ ಕೂಗು. ಮೇಲೆ ನಾವಿಬ್ಬರೇ, ಇಬ್ಬರೇ ಅನ್ನುವುದೂ ಲೆಕ್ಕಕ್ಕೆ ಮಾತ್ರ.

ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಅಪ್ಪ ವಿಜಯಪುರದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ನನ್ನ ಗಂಡ ಕುಂದಾಪುರದ ಕಡೆಯ ಹೋಟೆಲಿನವರು. ಭೋಸರಿಯ ಕಾರ್ಖಾನೆಗಳ ನಡುವೆ ಅವರ ತಂದೆ ಇಟ್ಟ ಹೋಟೆಲು, ಈಗ ಇವರದು. ಹೀಗೆ ನಮ್ಮ ಮನೆಯಲ್ಲಿ ಎರಡು ಕನ್ನಡ. ಮದುವೆಯಾದ ಹೊಸತರಲ್ಲಿ ಜಗಳ ಬಂದರೆ ಇಬ್ಬರೂ ಮರಾಠಿಗೆ ಹೊರಳುತ್ತಿದ್ದೆವು, ಯಾರಿಗೂ ಹೆಚ್ಚುಕಡಿಮೆ ಆಗದಿರಲಿ ಅಂತ. ಈಗ ಜಗಳಕ್ಕೂ ಪುರುಸೊತ್ತಿಲ್ಲ. ಕಾರ್ಖಾನೆಯ ಮೊದಲ ಪಾಳಿಯವರಿಗೆ ಇಡ್ಲಿ ಸಿದ್ಧವಿರಬೇಕು. ಹಾಗಾಗಿ ಅವರು ನಾನು ಏಳುವ ಮೊದಲೇ ಸ್ಕೂಟರ್ ಹತ್ತಿ ಊರಿನ ಆ ತುದಿಗೆ ಹೋಗಿರುತ್ತಾರೆ. ಕೊನೆಯ ಪಾಳಿಯವರು ಊಟ ಮಾಡಿ ಎದ್ದ ಮೇಲೆ ಮನೆಗೆ ಬರುತ್ತಾರೆ. ಅಷ್ಟು ಹೊತ್ತಿಗೆ ನನ್ನ ಕಣ್ಣು ಮುಚ್ಚಿಹೋಗಿರುತ್ತದೆ.

ಇನ್ನು ರಜೆಯ ವಿಷಯ. ಅವರ ಹೋಟೆಲಿನ ಸುತ್ತಮುತ್ತಲಿನ ಕಾರ್ಖಾನೆಗಳಿಗೆ ವಾರದ ರಜೆ ಶುಕ್ರವಾರ. ಕಾರ್ಖಾನೆ ಮುಚ್ಚಿದರೆ ಇಡ್ಲಿ ಯಾರಿಗೆ? ಹೋಟೆಲಿಗೂ ಅಂದೇ ಬಾಗಿಲು. ನನ್ನ ಕಂಪನಿಗೆ ರಜೆ ಶನಿವಾರ, ಭಾನುವಾರ. ಅವರ ಬಿಡುವು ಮುಗಿಯುವ ರಾತ್ರಿಯೇ ನನ್ನ ಬಿಡುವು ಶುರುವಾಗುತ್ತದೆ. ಇಷ್ಟು ವರ್ಷ ಸಂಸಾರ ಮಾಡಿ ನಾವಿಬ್ಬರೂ ಒಟ್ಟಿಗೆ ರಜೆಯಲ್ಲಿದ್ದದ್ದು ಹಬ್ಬಕ್ಕೆ, ಸಾವಿಗೆ ಮತ್ತು ಆ ದೊಡ್ಡ ರೋಗದ ಲಾಕ್‌ಡೌನಿಗೆ. ಹೇಳಬಾರದು, ಆದರೂ ಹೇಳುತ್ತೇನೆ: ಊರಿಗೆ ಊರೇ ಹೆದರಿ ಬಾಗಿಲು ಹಾಕಿಕೊಂಡಿದ್ದ ಆ ದಿನಗಳಲ್ಲಿ ಮಧ್ಯಾಹ್ನದ ಊಟಕ್ಕೆ ಎದುರುಬದುರು ಕೂತಾಗ ನನಗೆ ಒಳಗೊಳಗೇ ಸುಖವಾಗುತ್ತಿತ್ತು.

ಯಾಕೆಂದರೆ ನಮ್ಮ ಪ್ರೀತಿಯೆಲ್ಲ ನಿಂತುಕೊಂಡೇ ಆದದ್ದು. ನನ್ನ ಮೊದಲ ನೌಕರಿ ಭೋಸರಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿತ್ತು. ಚಹಾಕ್ಕೆ ಅವರ ಹೋಟೆಲಿಗೆ ಹೋಗುತ್ತಿದ್ದೆ. ಅಲ್ಲಿ ಬಾಗಿಲ ಬಳಿ ಎದೆಯೆತ್ತರದ ಕಲ್ಲಿನ ಮೇಜುಗಳಿದ್ದವು, ಗಡಿಬಿಡಿಯವರು ನಿಂತೇ ತಿಂದು ಹೋಗಲು. ನಾನು ಗಡಿಬಿಡಿ ಇಲ್ಲದಿದ್ದರೂ ಅಲ್ಲೇ ನಿಲ್ಲುತ್ತಿದ್ದೆ, ಗಲ್ಲಾ ಅಲ್ಲಿಗೆ ಹತ್ತಿರ ಅಂತ. ಅವರು ಗಲ್ಲಾದ ಹಿಂದೆ ನಿಂತಿರುತ್ತಿದ್ದರು. ಅವರು ಕೂತದ್ದನ್ನು ನಾನು ಮೊದಲು ನೋಡಿದ್ದು ಹಸೆಮಣೆಯ ಮೇಲೆ. ಕೂತಾಗ ಎಷ್ಟು ಚಿಕ್ಕವರಾಗಿ, ಸುಸ್ತಾದವರಾಗಿ ಕಂಡರು! ಪಕ್ಕದಲ್ಲಿ ಕೂತ ನನಗೆ, ಈ ಮನುಷ್ಯನನ್ನು ದಿನಾ ಒಂದು ಗಳಿಗೆಯಾದರೂ ಹೀಗೆ ಕೂರಿಸಬೇಕು ಅನ್ನಿಸಿತ್ತು. ಅದೇ ನನ್ನ ಆಸೆ. ದೊಡ್ಡದೇನಲ್ಲ, ಆದರೆ ಕೈಗೂಡಲಿಲ್ಲ.

ಎರಡು ವರ್ಷದ ಹಿಂದೆ ನನಗೆ ಬೆನ್ನುನೋವು ಶುರುವಾಯಿತು. ಕೂತು ಕೂತು ಬಂದದ್ದು. ಕಂಪನಿಯಲ್ಲಿ ಹೇಳಿಕೊಂಡೆ, ಗುಂಡಿ ಒತ್ತಿದರೆ ಏರುವ, ಇಳಿಯುವ ಮೇಜೊಂದನ್ನು ಅವರೇ ಮನೆಗೆ ಕಳಿಸಿಕೊಟ್ಟರು. ಅದು ಬಂದದ್ದು ಒಂದು ಶುಕ್ರವಾರ. ಕಂಪನಿಯ ಹೆಸರಿನ ದೊಡ್ಡ ಚೀಟಿ ಅಂಟಿಸಿದ ಪೆಟ್ಟಿಗೆಯನ್ನು ಇಬ್ಬರು ಹೊತ್ತು ತಂದು, ಮೇಜು ಜೋಡಿಸಿ, ನನ್ನ ಹಳೆಯ ಮೇಜು ಕುರ್ಚಿಗಳನ್ನು ಎತ್ತಿ ಬಾಲ್ಕನಿಗೆ ಹಾಕಿದರು. ನಾನು ಹಾಗೆಯೇ ನಿಂತು, ಹೆಡ್‌ಫೋನ್ ಹಾಕಿಕೊಂಡು, ಕೆಲಸ ಮುಂದುವರಿಸಿದೆ. ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಏನೂ ಕೇಳಲಿಲ್ಲ. ಆ ಮೌನವನ್ನು ನಾನು ಅಂದೇ ಗಮನಿಸಬೇಕಿತ್ತು.

ನಿಂತರೆ ಬೆನ್ನು ಹಗುರಾಯಿತು, ನಿಜ. ಆದರೆ ಅಲ್ಲಾಡದೆ ನಿಂತು ನಿಂತು ಹಿಮ್ಮಡಿ ಹಿಡಿಯತೊಡಗಿತು. ಒಂದನ್ನು ಎಳೆದರೆ ಇನ್ನೊಂದು ಜಗ್ಗುವ ಶರೀರ ಇದು. ಸಹೋದ್ಯೋಗಿಯೊಬ್ಬಳು ಈ ಹಲಗೆಯ ಬಗ್ಗೆ ಹೇಳಿದಳು: ಅದರ ಮೇಲೆ ನಿಂತರೆ ಕಾಲು ತನ್ನಷ್ಟಕ್ಕೆ ಆಡುತ್ತಲೇ ಇರುತ್ತದೆ, ನೋವು ಬರುವುದಿಲ್ಲ. ತರಿಸಿದೆ. ಮೊದಲ ದಿನ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ಒಂದಕ್ಷರ ಟೈಪ್ ಮಾಡಲು ಕೈ ಬಿಟ್ಟರೆ ಧಡ್ ಅಂತ ಒಂದು ಮಗ್ಗುಲು ನೆಲಕ್ಕೆ. ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು, ಏನು ಕುಟ್ಟುತ್ತಿದ್ದೀರಿ ಅಂತ ಮರಾಠಿಯಲ್ಲಿ ವಿಚಾರಿಸಿ ಹೋದರು. ಹಲಗೆಯ ಕೆಳಗೆ ಹಳೆಯ ಜಮಖಾನ ಹಾಸಿದೆ.

ಅದರ ಗುಟ್ಟು ಮೆಲ್ಲಗೆ ಗೊತ್ತಾಯಿತು. ಕಾಲನ್ನು ನೋಡಿಕೊಂಡರೆ ಬೀಳುವುದು ಖಂಡಿತ. ದೂರದಲ್ಲಿ ಒಂದು ಗುರುತು ಇಟ್ಟುಕೊಂಡು ಅದನ್ನೇ ನೋಡುತ್ತಿರಬೇಕು, ಮೊಣಕಾಲು ಸಡಿಲ ಬಿಡಬೇಕು. ಕಿಟಕಿಯಾಚೆ ಎದುರು ಕಟ್ಟಡದ ನೀರಿನ ಟಾಕಿಯನ್ನು ನನ್ನ ಗುರುತು ಮಾಡಿಕೊಂಡೆ. ಒಂದು ತಿಂಗಳಲ್ಲಿ ಹಲಗೆಯ ಮೇಲೆ ನಿಂತೇ ಚಹಾ ಕುಡಿಯುವ ಮಟ್ಟಕ್ಕೆ ಬಂದೆ. ಮೀಟಿಂಗಿನಲ್ಲಿ ನನ್ನ ತಲೆ ಅತ್ತಿತ್ತ ತೂಗುವುದನ್ನು ನೋಡಿ, ನೀವು ದೋಣಿಯಿಂದ ಕೆಲಸ ಮಾಡುತ್ತೀರಾ ಎಂದು ಕೇಳಿದವರಿದ್ದಾರೆ. ಕೇಳಲಿ. ಮನೆಯಲ್ಲಿ ಒಬ್ಬಳೇ ಇರುವವಳಿಗೆ ಕಾಲ ಕೆಳಗೆ ಏನೋ ಒಂದು ಅಲ್ಲಾಡುತ್ತಿದ್ದರೆ ಜೊತೆ ಇದ್ದ ಹಾಗಿರುತ್ತದೆ.

ಶುಕ್ರವಾರ ಮಾತ್ರ ನನ್ನ ಗುರುತು ನೀರಿನ ಟಾಕಿಯಲ್ಲ. ಅವರು ಮನೆಯಲ್ಲಿರುತ್ತಾರಲ್ಲ! ತಡವಾಗಿ ಎದ್ದು, ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಹಾಲಿಗೆ ಬರುತ್ತಾರೆ. ಆ ದಿನದ ಅಡುಗೆ ಅವರದೇ. ನನಗಾಗಿ ಜೋಳದ ರೊಟ್ಟಿ ಬಡಿಯಲೂ ಕಲಿತಿದ್ದಾರೆ. ಅಂಚು ಒಡೆಯುತ್ತದೆ, ಆದರೂ ತಿನ್ನುತ್ತೇನೆ. ಆದರೆ ಮನುಷ್ಯ ಕೂರುವುದಿಲ್ಲ. ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಪೇಪರನ್ನು ಫ್ರಿಜ್ಜಿನ ಮೇಲೆ ಹರಡಿಕೊಂಡು ನಿಂತೇ ಓದುತ್ತಾರೆ. ಸೋಫಾ ಬಾ ಬಾ ಎಂದು ಕರೆಯುತ್ತಿರುತ್ತದೆ. ನಾನು ಹೆಡ್‌ಫೋನ್ ಸರಿಸಿ, "ಕೂಡ್ರಿ ಒಂದ್ ಸ್ವಲ್ಪ. ಯಾರು ಬೆನ್ನ ಹತ್ಯಾರ ನಿಮಗ?" ಅಂದರೆ, "ಇರ್ಲಿ ಇರ್ಲಿ, ನೀ ಕೆಲ್ಸ ಮಾಡ್" ಎನ್ನುತ್ತಾರೆ. ಅವರ ಬಾಯಲ್ಲಿ 'ಇರ್ಲಿ' ಬಂದರೆ ಮಾತು ಮುಗಿದಂತೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಇದು ಸಿಟ್ಟಲ್ಲ, ಸಂಕಟ. ಈಗ ಹೊರಡುತ್ತೇನೆ ಅನ್ನುವ ನೆಂಟರ ಹಾಗೆ ಸ್ವಂತ ಮನೆಯಲ್ಲಿ ನಿಂತೇ ಇರುವ ಗಂಡನನ್ನು ನೋಡಿ ಏನಂತ ತಿಳಿಯಬೇಕು? ಮನಸ್ಸೆಲ್ಲ ಹೋಟೆಲಿನಲ್ಲೇ ಇದೆ, ಮೈ ಮಾತ್ರ ವಾರಕ್ಕೊಮ್ಮೆ ಇಲ್ಲಿಗೆ ಬರುತ್ತದೆ ಅಂದುಕೊಂಡೆ. ನನ್ನ ಜೊತೆ ಕೂರುವ ಅಭ್ಯಾಸವೇ ತಪ್ಪಿಹೋಗಿದೆ ಅಂದುಕೊಂಡೆ. ಮಧ್ಯಾಹ್ನ ನನಗೆ ಸಿಗುವ ಅರ್ಧ ಗಂಟೆಯಲ್ಲೂ ನಾನು ಮೇಜಿನ ಮೇಲೇ ತಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದೆ, ಅವರು ಅಡುಗೆ ಕಟ್ಟೆಯ ಮುಂದೆ ನಿಂತು ತಿನ್ನುತ್ತಿದ್ದರು. ನಡುವೆ ಇಡೀ ಹಾಲು.

ಒಂದು ಶುಕ್ರವಾರ ನಾನು ನೀರು ಕುಡಿಯಲು ಹಲಗೆಯಿಂದ ಇಳಿದಾಗ ಅವರು ಸದ್ದಿಲ್ಲದೆ ಹೋಗಿ ಅದನ್ನು ಹತ್ತಿದರು. ಹದಿನೈದನೇ ವಯಸ್ಸಿನಿಂದ ನಿಂತೇ ಬದುಕಿದ ಕಾಲು, ಇದೇನು ಮಹಾ ಅಂದುಕೊಂಡಿರಬೇಕು. ಒಂದು ಉಸಿರು ಕೂಡ ನಿಲ್ಲಲಾಗಲಿಲ್ಲ. ಅವರದು ಮೊಳೆ ಹೊಡೆದ ನಿಲುವು. ಮೊಣಕಾಲು ಮಡಚಿ ಗೊತ್ತಿಲ್ಲ, ಸೊಂಟ ಗಲ್ಲಾಕ್ಕೆ ಒರಗಿಯೇ ರೂಢಿ. ಹಲಗೆ ಒಂದೇ ಸಲ ಬಲಕ್ಕೆ ಬಿತ್ತು. "ಅಯ್ಯಯ್ಯ" ಎನ್ನುತ್ತಾ ಅವರು ಹತ್ತಿರ ಓಡಿ ಬಂದ ನನ್ನ ಹೆಗಲನ್ನು ಹಿಡಿದುಕೊಂಡರು. ನಾವಿಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೂ ಆ ಕೈ ಅಲ್ಲೇ ಇತ್ತು.

ಆ ಕೈಯ ಬಿಸಿ, ಅದರ ಭಾರ, ಬೆರಳುಗಳಿಗೆ ಅಂಟಿದ ಹುಳಿಪುಡಿಯ ವಾಸನೆ. ಎಷ್ಟು ದಿನವಾಗಿತ್ತು ಅಂತ ಬರೆದರೆ ನನಗೇ ನಾಚಿಕೆ. ಅಂದಿನಿಂದ ಪ್ರತಿ ಶುಕ್ರವಾರ ನಾನೇ ಕರೆಯತೊಡಗಿದೆ. "ಬರ್ರಿ, ಕಲಸ್ತೀನಿ." ನಾನು ನೆಲದ ಮೇಲೆ ನಿಂತು ಕೀಲಿಮಣೆ ಕುಟ್ಟುವುದು, ಅವರು ಪಕ್ಕದಲ್ಲಿ ಹಲಗೆಯ ಮೇಲೆ ನನ್ನ ಹೆಗಲು ಹಿಡಿದು ತೂಗುವುದು. ಕ್ಯಾಮೆರಾಕ್ಕೆ ಬೀಳದಂತೆ ಅವರನ್ನು ಗೋಡೆಯ ಕಡೆ ಇಟ್ಟುಕೊಂಡಿದ್ದೆ. ಅವರಿಗೆ ಅದು ಬರಲೇ ಇಲ್ಲ. ಬೇಗ ಬರದಿರಲಿ ಅಂತ ನಾನೂ ಬಯಸಿದೆ.

ಅಷ್ಟರಲ್ಲಿ ಅವರ ಎಡಗಾಲಿನ ಹರಡಿನ ಮೇಲೆ ಒಂದು ಸಣ್ಣ ಗಾಯ ಕಾಣಿಸಿಕೊಂಡಿತು. ತುರಿಸಿ ಆದದ್ದು, ಒಣಗುತ್ತದೆ ಅಂದರು. ಒಣಗಲಿಲ್ಲ. ಕಾಲಿನ ನರಗಳು ಉಬ್ಬಿ ಗಂಟು ಕಟ್ಟಿಕೊಂಡದ್ದನ್ನು ನಾನು ಬಹಳ ದಿನದಿಂದ ನೋಡುತ್ತಿದ್ದೆ. ಹೋಟೆಲಿನವರಿಗೆ ಅದು ಮಾಮೂಲು ಎಂದು ಅವರು ಪಂಚೆ ಇಳಿಬಿಡುತ್ತಿದ್ದರು. ಎಳೆದುಕೊಂಡು ಹೋಗಿ ನಮ್ಮ ಪೇಟೆಯ ಡಾಕ್ಟರಿಗೆ ತೋರಿಸಿದೆ. ಡಾಕ್ಟರು ಮರಾಠಿಯಲ್ಲಿ ಚೆನ್ನಾಗಿ ಗದರಿದರು. ರಕ್ತ ಕೆಳಗೆ ನಿಂತುಬಿಟ್ಟಿದೆ, ಗಾಯ ಹೇಗೆ ಒಣಗಬೇಕು? ಕೆಲಸದ ದಿನ ಬಿಗಿ ಕಾಲುಚೀಲ ಹಾಕಿಕೊಳ್ಳಿ. ರಜೆಯ ದಿನ ಮಾತ್ರ ಕೂತೇ ಇರಬೇಕು, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಹೀಗೇ ಬಿಟ್ಟರೆ ಗಾಯ ದೊಡ್ಡದಾಗುತ್ತದೆ, ಆಮೇಲೆ ಹೋಟೆಲನ್ನೇ ಮರೆಯಬೇಕಾಗುತ್ತದೆ ಎಂದರು.

ಮುಂದಿನ ಶುಕ್ರವಾರ ನಾನು ಹಲಗೆಗೆ ಕರೆಯಲಿಲ್ಲ. ಸೋಫಾದ ಮುಂದೆ ಸ್ಟೂಲು ಇಟ್ಟು, ಅದರ ಮೇಲೆ ದಿಂಬು ಇಟ್ಟು, "ಕೂಡ್ರಿ" ಅಂದೆ. ಕೂತರು. ನಾನು ಮೇಜಿಗೆ ಬಂದು ನಿಂತು ಕೆಲಸ ಶುರು ಮಾಡಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ನಿಂತಿದ್ದಾರೆ! ಮತ್ತೆ ಕೂರಿಸಿದೆ. ಮತ್ತೆ ಎದ್ದರು. ಮೂರನೇ ಸಲಕ್ಕೆ ನನ್ನ ಸಹನೆ ಹರಿಯಿತು. "ನಿಮಗ ಈ ಮನ್ಯಾಗ ಮುಳ್ಳು ಚುಚ್ತಾವೇನ್ರಿ?" ಎಂದು ಕೂಗಿದೆ. ಅವರು ಮುಖ ಸಣ್ಣದು ಮಾಡಿಕೊಂಡು, ತರಕಾರಿ ತರುತ್ತೇನೆ ಎಂದು ಚೀಲ ಹಿಡಿದು ಕೆಳಗಿಳಿದರು. ಆ ಗಾಯದ ಕಾಲಿನಲ್ಲಿ ಮೂರು ಮಹಡಿ. ನಾನು ಪರದೆಯ ಮುಂದೆ ನಿಂತು ಅತ್ತೆ. ಮೀಟಿಂಗಿನವರಿಗೆ ಕ್ಯಾಮೆರಾ ಕೆಟ್ಟಿದೆ ಎಂದೆ.

ಮರುದಿನ ಶನಿವಾರ, ನನ್ನ ರಜೆ. ಡಾಕ್ಟರು ಹೇಳಿದ ಕಾಲುಚೀಲ ಅಂಗಡಿಯಿಂದ ಬಂದಿತ್ತು. ಅದನ್ನು ಕೊಡುವ ನೆವದಲ್ಲಿ ಎರಡು ಬಸ್ಸು ಬದಲಿಸಿ ಭೋಸರಿಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು, ಎಣ್ಣೆ ಕರೆಯ ನೀಲಿ ಅಂಗಿಯವರಿಂದ ಹೋಟೆಲು ತುಂಬಿಹೋಗಿತ್ತು. ಗಲ್ಲಾದ ಹತ್ತಿರ ಜಾಗ ಖಾಲಿಯಾಗಲು ಕಾಯುತ್ತಾ ಹತ್ತಾರು ಜನ ನಿಂತಿದ್ದರು. ನಾನು ಹಿಂಬಾಗಿಲಿನಿಂದ ಅಡುಗೆಮನೆ ಹೊಕ್ಕು, ಅಲ್ಲಿನ ಕಿಂಡಿಯಿಂದ ನೋಡಿದೆ. ಗಲ್ಲಾದ ಹಿಂದೆ ಒಂದು ಒಳ್ಳೆಯ ಎತ್ತರದ ಸ್ಟೂಲು ಇದೆ. ಅವರು ಅದರ ಮುಂದೆ ನಿಂತಿದ್ದಾರೆ. ಕಾಯುವವರಿಗೆ ಜಾಗ ಸಿಕ್ಕಿ, ಕೊನೆಯವನೂ ಹೋಗಿ ಬೆಂಚಿನ ಮೇಲೆ ಕೂತ. ಆ ಕ್ಷಣವೇ ಇವರೂ ಸ್ಟೂಲಿಗೆ ಕುಸಿದರು. ಅಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಹೊಸಬರು. ಇವರು ಮತ್ತೆ ಎದ್ದು ನಿಂತರು.

ನಾನು ಪಕ್ಕದಲ್ಲಿದ್ದ ಅಡುಗೆಯವರ ಮುಖ ನೋಡಿದೆ. ಮಾವನವರ ಕಾಲದಿಂದ ಇರುವ ವಯಸ್ಸಾದವರು. "ಹೀಂಗ ಎದ್ದು ಕೂತು ಮಾಡೂದ್ಯಾಕ್ರಿ ಇವರು?" ಎಂದು ಕೇಳಿದೆ.

"ಅದ್ ದೊಡ್ಡ್ ಧಣಿಗಳ್ ಕಾಲದ್ ಕ್ರಮ ಅಮ್ಮಾ," ಎಂದರು ಅವರು, ಸಾರಿಗೆ ಒಗ್ಗರಣೆ ಹಾಕುತ್ತಾ. "ಎದ್ರ್ ಜನ ನಿಂತ್ಕಂಡ್ ಇಪ್ಪತಿಗೆ ನಾವ್ ಕೂಕಂಬುಕಾಗ. ಇವ್ರಿಗೆ ಸಣ್ಣದಿಪ್ಪತಿಗೇ ಅಭ್ಯಾಸ ಆಯ್ತ್. ಈಗ ಬೇಡ ಅಂದ್ರೂ ಬಿಡುಕ್ ಆಪ್ದಿಲ್ಲೆ."

ಎದುರಿಗೆ ಜನ ನಿಂತಿರುವಾಗ ತಾನು ಕೂರಬಾರದು! ನಾನು ಕಿಂಡಿಯ ಬಳಿಯೇ ನಿಂತುಬಿಟ್ಟೆ. ನಮ್ಮ ಹಾಲು ಕಣ್ಣಿಗೆ ಬಂತು. ಕಿಟಕಿಯ ಕಡೆ ಮುಖ ಮಾಡಿ, ಹಲಗೆಯ ಮೇಲೆ ನಿಂತ ನಾನು. ಕೂತು, ನನ್ನನ್ನು ನೋಡಿ, ಮತ್ತೆ ಏಳುವ ಅವರು. ಹೊಸ ಮೇಜು ಬರುವ ಮೊದಲು ಶುಕ್ರವಾರಗಳಲ್ಲಿ ಅವರು ಸೋಫಾದಲ್ಲಿ ಕೂತು ಪೇಪರ್ ಓದುತ್ತಿದ್ದದ್ದು ಆಗ ನೆನಪಾಯಿತು. ಎಷ್ಟೋ ಸಲ ಅಲ್ಲೇ ನಿದ್ದೆ ಹೋಗಿದ್ದರು. ನಾನು ನಿಂತ ಮೇಲೆ ಅವರು ಕೂತಿಲ್ಲ. ಊರವರ ತಪ್ಪು ಹುಡುಕಿ ಸಂಬಳ ಪಡೆಯುವ ನನಗೆ ಇದು ಹೊಳೆಯಲು ಭೋಸರಿಯವರೆಗೆ ಬರಬೇಕಾಯಿತು.

ಅಲ್ಲಿ ಏನೂ ಕೇಳಲಿಲ್ಲ. ಕಾಲುಚೀಲ ಕೊಟ್ಟೆ, ಕೊಟ್ಟ ಊಟವನ್ನು ಅಡುಗೆಮನೆಯಲ್ಲೇ ಉಂಡೆ. ಆ ವಾರ ಮುಗಿಯುವುದನ್ನು ಕಾದ ಹಾಗೆ ನಾನು ಇನ್ಯಾವುದನ್ನೂ ಕಾದಿಲ್ಲ. ಶುಕ್ರವಾರ ಬೆಳಿಗ್ಗೆ ಅವರು ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗುತ್ತಲೇ ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟೆ.

"ನಾ ನಿಂತೀನಂತ ನೀವು ಕೂಡವಲ್ರಿ ಹೌದಿಲ್ಲೋ?"

ಅವರು ಕಾಫಿ ನೋಡಿಕೊಂಡರು. "ಮತ್ತೆ? ನೀ ನಿಂತ್ಕಂಡ್ ದುಡಿತಾ ಇಪ್ಪತಿಗೆ ನಾ ಕಾಲ್ ಚಾಚ್ಕಂಡ್ ಕೂಕಂಬುದಾ? ಹ್ಯಾಂಗ್ ಆತ್ತ್ ಅದ್?" ಆಮೇಲೆ ದನಿ ತಗ್ಗಿಸಿ, ಮೇಜಿನ ಮೇಲಿದ್ದ ಕಂಪ್ಯೂಟರಿಗೆ ಕೇಳಿಸಬಾರದು ಅನ್ನುವವರ ಹಾಗೆ, "ನಿಮ್ಮ್ ಕಂಪನಿಯವ್ರ್ ಕುರ್ಚಿ ತೆಗ್ಸಿದ್ ಸಮ ಅಲ್ಲ. ಇಷ್ಟ್ ವರ್ಷ ದುಡ್ದವ್ಳಿಗೆ ಒಂದ್ ಕುರ್ಚಿ ಇಲ್ದಾ?" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಿಧಾನವಾಗಿ ಆಯಿತು. ಕಂಪನಿಯ ಚೀಟಿ ಇದ್ದ ಪೆಟ್ಟಿಗೆ ಬಂತು. ಇಬ್ಬರು ಬಂದು ಹೆಂಡತಿಯ ಕುರ್ಚಿ ಎತ್ತಿ ಬಾಲ್ಕನಿಗೆ ಹಾಕಿದರು. ಅಂದಿನಿಂದ ಹೆಂಡತಿ ನಿಂತಳು. ಹೋಟೆಲಿನ ಲೈನಿನಲ್ಲಿ ಬೆಳೆದ ಮನುಷ್ಯ ಬೇರೆ ಏನು ತಿಳಿದುಕೊಳ್ಳಬೇಕು? ಅವರು ಮೊದಲು ಕೆಲಸ ಕಲಿತ ಇನ್ನೊಬ್ಬರ ಹೋಟೆಲಿನಲ್ಲಿ ಕೆಲಸದವರು ಕೂರದಿರಲಿ ಅಂತ ಸ್ಟೂಲುಗಳನ್ನೇ ಇಟ್ಟಿರಲಿಲ್ಲವಂತೆ.

"ಮತ್ತ ಈ ಹಲಗಿ?" ಎಂದೆ.

"ಅದ್ ನಿದ್ರಿ ಬಪ್ಪುಕಾಗ ಅಂದೇಳಿ ಕೊಟ್ಟದ್ದ್ ಅಂತ ಎಣ್ಸಿದ್ದೆ," ಎಂದರು ಅವರು. ನಾನು ನಿಂತಲ್ಲೇ ತೂಕಡಿಸಬಾರದು ಅಂತ ಕಂಪನಿಯೇ ಕೊಟ್ಟದ್ದಂತೆ! "ಕಲ್ತ್ಕಂಡ್ರೆ ನಿನ್ನ್ ಕಷ್ಟ ಎಂತದ್ ಅಂತ ಗೊತ್ತಾತ್ತಲ್ದಾ, ಅದ್ಕೆ ಹತ್ತಿದ್ದ್."

ನಗು ಬಂತು. "ಹುಚ್ಚರೇನ್ರಿ ನೀವು! ಇದನ್ನೆಲ್ಲಾ ನಾನ ಕೇಳಿ ತರಿಸ್ಕೊಂಡೀನಿ, ಬೆನ್ನು ನೋಯ್ತದಂತ. ಒಂದ್ ಮಾತು ಕೇಳಬಾರದೇನ್ರಿ ನನ್ನ?"

"ಕೇಂಬುಕೆ ನೀ ಸಿಕ್ಕಿರೆ ಅಲ್ದಾ?" ಎಂದರು. ದೂರುವ ದನಿಯಲ್ಲ, ಇವತ್ತು ತೊಗರಿಬೇಳೆ ಮುಗಿದಿದೆ ಅನ್ನುವ ಹಾಗೆ ಹೇಳಿದರು.  ಧಣಿಯ ಬಗ್ಗೆ ಅವನ ಕೆಲಸದವರ ಎದುರು ಕೆಟ್ಟ ಮಾತಾಡಬಾರದು ಅನ್ನುವುದೂ ಅವರ ಕ್ರಮವೇ. ಹೀಗೆ ಒಂದು ನಿಮಿಷದಲ್ಲಿ ಬಗೆಹರಿಯಬೇಕಾದದ್ದನ್ನು ಎರಡು ವರ್ಷ ನಾವು ಒಂದೇ ಹಾಲಿನಲ್ಲಿ, ಎದುರುಬದುರು ನಿಂತು ಹೊತ್ತುಕೊಂಡಿದ್ದೆವು.

ಬಾಲ್ಕನಿಯಿಂದ ಕುರ್ಚಿ ತಂದೆ, ಧೂಳು ಒರೆಸಿದೆ. ಗುಂಡಿ ಒತ್ತಿದಾಗ ಮೇಜು ಗುಂಯ್ ಎನ್ನುತ್ತಾ ಕೆಳಗಿಳಿಯಿತು. ಅದು ಇಳಿಯುತ್ತದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಕೂತೆ. ಅವರು ಸೋಫಾದಲ್ಲಿ ಕೂತರು, ಕಾಲನ್ನು ದಿಂಬಿನ ಮೇಲೆ ಇಟ್ಟರು, ಎರಡನೇ ಪುಟ ತಿರುಗಿಸುವ ಮೊದಲೇ ಪೇಪರ್ ಎದೆಯ ಮೇಲೆ ಜಾರಿತು. ಹಸೆಮಣೆಯ ಮೇಲೆ ಕಂಡ ಅದೇ ಮುಖ, ಕೂದಲು ಮಾತ್ರ ಬೆಳ್ಳಗಾಗಿದೆ. ಇಷ್ಟು ವರ್ಷ ನಾನು ಬಯಸಿದ್ದು ಇದನ್ನೇ ತಾನೆ?

ಇದನ್ನೇ. ಆದರೆ ಆ ಮಧ್ಯಾಹ್ನ ನನ್ನ ಬಲ ಹೆಗಲು ಬರಿದೋ ಬರಿದು. ಅವರು ಕೂತರೆ ಆ ಕೈ ಇಲ್ಲ. ಆ ಕೈ ಬೇಕೆಂದರೆ ಅವರು ನಿಲ್ಲಬೇಕು. ಕೆಲಸದ ನಡುವೆ ನಾಲ್ಕು ಸಲ ತಿರುಗಿ ಸೋಫಾದ ಕಡೆ ನೋಡಿದೆ. ಹಾಲು ಅಷ್ಟೇ ಅಗಲ ಇತ್ತು. ಅಂದು ಸಂಜೆ ನನ್ನ ಬೆನ್ನು ನೋಯುತ್ತಿತ್ತು, ಅದನ್ನು ಹೇಳಲಿಲ್ಲ. ಇನ್ನೊಂದನ್ನೂ ಹೇಳಬಾರದು ಅಂದುಕೊಂಡಿದ್ದೆ, ಆದರೆ ನನ್ನ ಬಾಯಿಗೆ ಬೀಗ ಇಲ್ಲ. ಅವರು ಎದ್ದು ಚಹಾ ಕೊಟ್ಟಾಗ ಹೇಳಿಬಿಟ್ಟೆ: "ನೀವು ಅಲ್ಲಿ ಭಾಳ ದೂರ ಕೂಡ್ತೀರಿ."

 ಮುಂದಿನ ಶುಕ್ರವಾರ ನಾನು ಕೂತು ಕೆಲಸ ಶುರು ಮಾಡಿದ ಮೇಲೆ, ಅವರು ಊಟದ ಮೇಜಿನಿಂದ ಇನ್ನೊಂದು ಕುರ್ಚಿ ಎತ್ತಿ ತಂದು ನನ್ನ ಪಕ್ಕದಲ್ಲಿ, ಗೋಡೆಯ ಕಡೆಗೆ, ಕ್ಯಾಮೆರಾಕ್ಕೆ ಬೀಳದ ಜಾಗದಲ್ಲಿ ಹಾಕಿಕೊಂಡರು. ಪೇಪರ್ ಬಿಡಿಸಿದರು. ಮೇಜಿನ ಕೆಳಗೆ ಹಲಗೆ ಹಾಗೇ ಇತ್ತು. ಅದರ ಬಲತುದಿಯ ಮೇಲೆ ಅವರು ತಮ್ಮ ಗಾಯದ ಕಾಲು ಇಟ್ಟರು. ಎಡತುದಿಯ ಮೇಲೆ ಇದ್ದ ನನ್ನ ಪಾದ ಮೇಲಕ್ಕೆದ್ದಿತು.

ನಾನು ಮೀಟಿಂಗಿನಲ್ಲಿದ್ದೆ. ಏನೋ ಉತ್ತರ ಹೇಳುತ್ತಾ ನನ್ನ ಕಾಲನ್ನು ಮೆಲ್ಲಗೆ ಒತ್ತಿದೆ. ಅವರ ಪಾದ ಎದ್ದಿತು. ಸ್ವಲ್ಪ ತಡೆದು ಅವರು ಒತ್ತಿದರು, ಪೇಪರಿನಿಂದ ಕಣ್ಣು ತೆಗೆಯದೆ. ಡಾಕ್ಟರು ಹೇಳಿದ್ದು ಇದನ್ನೇ: ಕೂತಲ್ಲೇ ಪಾದ ಮೇಲೆ ಕೆಳಗೆ ಆಡಬೇಕು. ಆ ದಿನವಿಡೀ ಆಡಿತು. ಮಧ್ಯಾಹ್ನ ಕಂಪ್ಯೂಟರನ್ನು ಬದಿಗೆ ಸರಿಸಿ, ಅದೇ ಮೇಜಿನ ಮೇಲೆ ಎರಡು ತಟ್ಟೆ ಇಟ್ಟುಕೊಂಡು ಉಂಡೆವು. ಬೆನ್ನು ಹಿಡಿದಾಗ ನಾನು, "ಈಗ ಏಳ್ತೀನ್ರಿ, ನೀವು ಏಳಬ್ಯಾಡ್ರಿ" ಎಂದು ಮೊದಲೇ ಹೇಳಿ ಎರಡು ಹೆಜ್ಜೆ ಅಡ್ಡಾಡಿ ಬಂದೆ. ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು, ಪಾಪ.

ಈಗ ಹೀಗೇ ನಡೆಯುತ್ತಿದೆ. ಗಾಯ ಅಂಚಿನಿಂದ ಒಣಗುತ್ತಾ ಬಂದಿದೆ. ಹೋಟೆಲು ಬಿಡುವ ಮಾತಿಲ್ಲ, ನನ್ನ ನೌಕರಿ ಬಿಡುವ ಮಾತೂ ಇಲ್ಲ. ಭೋಸರಿಯ ಶುಕ್ರವಾರ ನನ್ನ ಶನಿವಾರದ ಹತ್ತಿರಕ್ಕೆ ಒಂದಿಂಚೂ ಸರಿಯುವುದಿಲ್ಲ. ಉಳಿದ ದಿನಗಳಲ್ಲಿ ನಾನು ಮೇಜನ್ನು ಏರಿಸಿ, ನೀರಿನ ಟಾಕಿ ನೋಡುತ್ತಾ, ಹಲಗೆಯ ನಡುವೆ ನಿಂತು ಕೆಲಸ ಮಾಡುತ್ತೇನೆ. ಸಂಜೆಯಾದ ಮೇಲೆ ಸುಸ್ತಾಗಿ ಮೇಜು ಇಳಿಸಿ ಕೂರುತ್ತೇನೆ. ಪಕ್ಕದ ಕುರ್ಚಿಯನ್ನು ನಾನು ಊಟದ ಮೇಜಿಗೆ ವಾಪಸ್ ಇಟ್ಟಿಲ್ಲ. ಹಲಗೆಯ ಎಡತುದಿಯ ಮೇಲೆ ಪಾದ ಇಟ್ಟರೆ ಅದು ಸುಮ್ಮನೆ ನನ್ನ ಕಡೆಗೆ ವಾಲಿಕೊಳ್ಳುತ್ತದೆ. ಅವರ ಕಡೆಯ ತುದಿ ಮಾತ್ರ, ಶುಕ್ರವಾರದವರೆಗೂ, ನಿಂತೇ ಇರುತ್ತದೆ.